ಬದಿಯಡ್ಕಕ್ಕೊಂದು ರೈಲು: ನಾಲ್ಕಡಿ ಹಲಗೆಯ ಮೇಲಿನ ನಿಲ್ದಾಣ

ಬದಿಯಡ್ಕಕ್ಕೆ ರೈಲು ಎಂದೂ ಬಂದಿಲ್ಲ. ಶೊರ್ನೂರಿನಿಂದ ಹೊರಟ ಹಳಿ 1907ರಲ್ಲಿ ಮಂಗಳೂರು ಮುಟ್ಟಿದಾಗ ಕಡಲ ಬದಿಯನ್ನೇ ಹಿಡಿದು ಬಂದಿತ್ತು. ಕಾಸರಗೋಡು, ಕುಂಬಳೆ, ಉಪ್ಪಳ, ಮಂಜೇಶ್ವರಗಳಿಗೆ ನಿಲ್ದಾಣ ಸಿಕ್ಕಿತು. ಗುಡ್ಡದೊಳಗಿನ ನಮ್ಮ ಊರುಗಳು ಬಸ್ಸಿಗೇ ಉಳಿದವು. ಚಿಕ್ಕಂದಿನಲ್ಲಿ ಅಪ್ಪನ ಜತೆ ಕುಂಬಳೆಗೆ ಬಂದು ಮಂಗಳೂರು ಗಾಡಿಗೆ ಕಾಯುತ್ತಿದ್ದಾಗ ನನ್ನ ಮನಸ್ಸಿನಲ್ಲಿ ಒಂದೇ ಆಸೆ: ಈ ಹಳಿಯಿಂದ ಒಂದು ಕವಲು ಒಡೆದು, ಸೀತಾಂಗೋಳಿಯ ಗುಡ್ಡ ಹತ್ತಿ, ನಮ್ಮೂರಿನಲ್ಲಿ ಕೊನೆಯಾಗಬೇಕು.

ಆ ಕವಲನ್ನು ಈಗ ನಾನೇ ಹಾಕಿದ್ದೇನೆ, ಮಾದರಿ ರೈಲಿನಲ್ಲಿ. ಉದ್ದ 122 ಸೆಂ.ಮೀ., ಅಗಲ 30 ಸೆಂ.ಮೀ., ಅಳತೆ 1:160. ಎರಡು ಮಳೆಗಾಲ ಹಿಡಿಯಿತು. ಮೊದಲ ಮಳೆಗಾಲ ಕೆಡಿಸಿದ್ದನ್ನು ಎರಡನೆಯದರ ಒಳಗೆ ಸರಿಪಡಿಸಿದೆ. ಜಾಗ ಇಲ್ಲವೆಂದು ಈ ಹವ್ಯಾಸವನ್ನು ಮುಂದೂಡುತ್ತಿರುವವರಿಗೆ ಉಪಯೋಗವಾದೀತೆಂದು ಮಾಡಿದ್ದನ್ನೆಲ್ಲ ಬರೆದಿಡುತ್ತಿದ್ದೇನೆ.

ಜಾಗ ಸಿಕ್ಕಿದ್ದು ಅಡಿಕೆ ಗೋಣಿ ಇಡುವ ಕೋಣೆಯಲ್ಲಿ. ಕೋಣೆ 2.4 ಮೀಟರ್ ಉದ್ದ, 2.1 ಮೀಟರ್ ಅಗಲ. ನೆಲವೆಲ್ಲ ಗೋಣಿಗಳದ್ದು, ಅದರ ಮೇಲೆ ನನಗೆ ಹಕ್ಕಿಲ್ಲ. ಒಂದು ಗೋಡೆಯಲ್ಲಿ, ಕಿಟಕಿಗೂ ಕಪಾಟಿಗೂ ನಡುವೆ, ಎದೆ ಎತ್ತರದಲ್ಲಿ ಒಂದು ಹಲಗೆ ಕೂರಿಸುವಷ್ಟು ಜಾಗ ಖಾಲಿಯಿತ್ತು.

ಮೊದಲು ಬರೆದ ನಕ್ಷೆಯಲ್ಲಿ ಎಲ್ಲವೂ ಇತ್ತು: ಚಂದ್ರಗಿರಿ ಹೊಳೆಯ ಸೇತುವೆ, ಕಳನಾಡಿನ ಸುರಂಗ, ಎರಡು ನಿಲ್ದಾಣ, ಸುತ್ತಲೂ ಓಡುವ ಜೋಡಿ ಹಳಿ. ಅದನ್ನು ಹರಿದು ಹಾಕಿಸಿದ್ದು ಮೂರು ಲೆಕ್ಕಗಳು. ಒಂದು, ನಮ್ಮ ಬ್ರಾಡ್ ಗೇಜಿನಲ್ಲಿ ಅನುಮತಿಸುವ ಅತ್ಯಂತ ಕಡಿದಾದ ತಿರುವು ಹತ್ತು ಡಿಗ್ರಿ, ಅಂದರೆ 175 ಮೀಟರ್ ತ್ರಿಜ್ಯ. ಅದನ್ನು 160ರಿಂದ ಭಾಗಿಸಿದರೆ 1.09 ಮೀಟರ್. ರೈಲನ್ನು ಅರ್ಧ ಸುತ್ತು ತಿರುಗಿಸಲು ಸುಮಾರು 2.2 ಮೀಟರ್ ಅಗಲ ಬೇಕು. ನನ್ನ ಕೋಣೆಯ ಅಗಲವೇ ಅಷ್ಟಿಲ್ಲ. ಎರಡು, ಚೆನ್ನೈನ ಐಸಿಎಫ್ ಕಾರ್ಖಾನೆಯ ಹಳೆಯ ನೀಲಿ ಬೋಗಿ ಬಫರಿನಿಂದ ಬಫರಿಗೆ, ಅಂದರೆ ತುದಿಯಿಂದ ತುದಿಗೆ, 22.3 ಮೀಟರ್. 1:160ರಲ್ಲಿ ಅದು ಸುಮಾರು 14 ಸೆಂ.ಮೀ. ಇಪ್ಪತ್ತು ಬೋಗಿಯ ಗಾಡಿ ಎಂಜಿನ್ ಬಿಟ್ಟೇ 2.8 ಮೀಟರ್ ಆಗಿ ಗೋಡೆ ಒಡೆದು ಹೊರಗೆ ಹೋಗುತ್ತದೆ. ಮೂರು, ಈ ಅಳತೆಗೆಂದು ಅಂಗಡಿಯಲ್ಲಿ ಸಿಗುವ, ಎನ್ ಗೇಜ್ ಎಂಬ ಮಾದರಿ ಹಳಿಯ ತಿರುವುಗಳಲ್ಲಿ ಸಾಮಾನ್ಯವಾದದ್ದು 249 ಮಿ.ಮೀ. ತ್ರಿಜ್ಯದ್ದು. ಅದಕ್ಕೂ ಅರ್ಧ ಮೀಟರಿಗಿಂತ ಹೆಚ್ಚು ಅಗಲದ ಹಲಗೆ ಬೇಕು. 103 ಮಿ.ಮೀ. ತ್ರಿಜ್ಯದ ತಿರುವೂ ಸಿಗುತ್ತದೆ, 30 ಸೆಂ.ಮೀ. ಹಲಗೆಯಲ್ಲಿ ಹಿಡಿಸುತ್ತದೆ ಕೂಡ. ಆದರೆ ಅದರ ಮೇಲೆ ಓಡುವುದು ಗಿಡ್ಡ ಗಾಡಿಗಳು ಮಾತ್ರ, ಅವೂ ಗಾಣದ ಎತ್ತಿನಂತೆ ಸುತ್ತುತ್ತವೆ. ನನಗೆ ಬೇಕಾಗಿದ್ದದ್ದು ಊರಿಗೆ ಬಂದು ನಿಲ್ಲುವ ರೈಲು.

ಆದ್ದರಿಂದ ಲೆಕ್ಕವನ್ನು ಹಿಂದುಮುಂದು ಮಾಡಿದೆ. ಹಲಗೆಯನ್ನು ಹಳಿಯಿಂದ ತುಂಬಿಸುವ ಬದಲು ಮೊದಲು ರೈಲಿನ ಉದ್ದವನ್ನು ನಿಶ್ಚಯಿಸಿದೆ. ಕವಲು ಹಾದಿಯ ಕೊನೆಯ ನಿಲ್ದಾಣಕ್ಕೆ 1970ರ ಆಸುಪಾಸಿನಲ್ಲಿ ಏನು ಬರುತ್ತಿತ್ತು ಎಂದು ಕಲ್ಪಿಸಿಕೊಂಡೆ: ಒಂದು ಚಿಕ್ಕ ಡೀಸೆಲ್ ಎಂಜಿನ್, ಹಿಂದೆ ನಾಲ್ಕು ಚಕ್ರದ ಮುಚ್ಚಿದ ವ್ಯಾಗನ್‌ಗಳು. ಬರುವಾಗ ಗೊಬ್ಬರ, ಸಿಮೆಂಟು, ಅಕ್ಕಿ. ಹೋಗುವಾಗ ಅಡಿಕೆ, ಗೇರುಬೀಜ, ಕರಿಮೆಣಸು. ನನ್ನ ವ್ಯಾಗನ್ 55 ಮಿ.ಮೀ., ಎಂಜಿನ್ 65 ಮಿ.ಮೀ. ಉಳಿದೆಲ್ಲ ಅಳತೆಯೂ ಈ ಎರಡು ಸಂಖ್ಯೆಗಳಿಂದಲೇ ಬಂತು.

ಹಳಿಯ ವಿನ್ಯಾಸ ನನ್ನದಲ್ಲ. ಬ್ರಿಟನ್ನಿನ ಅಲನ್ ರೈಟ್ ರೂಪಿಸಿದ ‘ಇಂಗಲ್‌ನುಕ್ ಸೈಡಿಂಗ್ಸ್’ ಎಂಬ ಶಂಟಿಂಗ್ ಒಗಟು ಅದು, ಅಂದರೆ ವ್ಯಾಗನ್ನುಗಳನ್ನು ಹಿಂದೆ ಮುಂದೆ ಸರಿಸಿ ಜೋಡಿಸುವ ಆಟ. ಹಳಿ ಕವಲೊಡೆಯುವ ಪಾಯಿಂಟ್ ಎರಡೇ, ಗಾಡಿ ನಿಲ್ಲಿಸಿಡುವ ಪಕ್ಕದ ಹಳಿ, ಅಂದರೆ ಸೈಡಿಂಗ್, ಮೂರು. ಉದ್ದದ ಸೈಡಿಂಗಿನಲ್ಲಿ ಐದು ವ್ಯಾಗನ್ ಹಿಡಿಯಬೇಕು, ಉಳಿದೆರಡರಲ್ಲಿ ಮೂರು ಮೂರು. ಇವೆಲ್ಲ ಸೇರುವ ತಲೆಹಳಿಯಲ್ಲಿ ಎಂಜಿನ್ ಮತ್ತು ಮೂರು ವ್ಯಾಗನ್ ಮಾತ್ರ ಹಿಡಿಯಬೇಕು. ಹಲಗೆಯ ಮೇಲೆ ಎಂಟು ವ್ಯಾಗನ್ ಇರುತ್ತವೆ. ಅವುಗಳಲ್ಲಿ ಐದನ್ನು ಚೀಟಿ ಎತ್ತಿ ಬಂದ ಕ್ರಮದಲ್ಲೇ ಜೋಡಿಸಿ ಹೊರಡಿಸಬೇಕು. ಎಂಟರಲ್ಲಿ ಐದನ್ನು ಕ್ರಮವಾಗಿ ಆರಿಸುವ ಬಗೆಗಳು 6,720. ದಿನಕ್ಕೊಂದರಂತೆ ಆಡಿದರೂ ಹದಿನೆಂಟು ವರ್ಷ ಬೇಕು. ನಾಲ್ಕಡಿ ಹಲಗೆಯಿಂದ ಇದಕ್ಕಿಂತ ಹೆಚ್ಚು ಕೇಳುವುದು ನ್ಯಾಯವಲ್ಲ.

ತಲೆಹಳಿಗೆ 65 ಮತ್ತು 165 ಸೇರಿ 230 ಮಿ.ಮೀ. ಪಾಯಿಂಟ್ ಒಂದಕ್ಕೆ 140 ಎಂದು ಹಿಡಿದೆ. ಪಾಯಿಂಟ್ ದಾಟಿದ ಕೂಡಲೇ ವ್ಯಾಗನ್ ನಿಲ್ಲಿಸಿದರೆ ಪಕ್ಕದ ಹಳಿಯಲ್ಲಿ ಹೋಗುವ ಗಾಡಿಗೆ ಅದರ ಮೂಲೆ ತಾಗುತ್ತದೆ. ಎರಡು ಹಳಿಗಳ ನಡುಗೆರೆಗಳು 27 ಮಿ.ಮೀ. ದೂರವಾಗುವವರೆಗೆ ಕಾಯಬೇಕು. ಅದಕ್ಕೆ 70 ಮಿ.ಮೀ. ಬಿಟ್ಟೆ. ಮೂರು ವ್ಯಾಗನ್ನಿನ ಸೈಡಿಂಗುಗಳು ಎರಡನೆಯ ಪಾಯಿಂಟಿನ ಆಚೆಗೆ ಬರುತ್ತವೆ: 230, 140, 140, 70, 165, ಒಟ್ಟು 745. ಐದು ವ್ಯಾಗನ್ನಿನದನ್ನು ಮೊದಲ ಪಾಯಿಂಟಿನಿಂದಲೇ ಕವಲಾಗಿಸಿದರೆ ಅದೂ 715ಕ್ಕೆ ಮುಗಿಯುತ್ತದೆ. ತುದಿಯ ಬಫರ್‌ಗಳೂ ಸೇರಿ 80 ಸೆಂ.ಮೀ. ಒಳಗೆ ಇಡೀ ಯಾರ್ಡು ಕುಳಿತಿತು. ಇದೇ ನಕ್ಷೆಗೆ 1:87ರ ಎಚ್‌ಒ ಅಳತೆಯಲ್ಲಿ ಒಂದೂವರೆ ಮೀಟರ್ ಬೇಕಾಗುತ್ತಿತ್ತು. ಎನ್ ಗೇಜನ್ನು ಆರಿಸಿಕೊಂಡದ್ದರಿಂದ ಉಳಿದ 42 ಸೆಂ.ಮೀ. ಊರಿಗಾಯಿತು.

ಒಂದು ರಾಜಿ ಮಾಡಿಕೊಂಡೆ. ನಮ್ಮ ಬ್ರಾಡ್ ಗೇಜ್ 1,676 ಮಿ.ಮೀ.; 1:160ರಲ್ಲಿ ಅದು ಸುಮಾರು 10.5 ಮಿ.ಮೀ. ಆಗಬೇಕು. ಎನ್ ಗೇಜ್ ಹಳಿ 9 ಮಿ.ಮೀ. ಒಂದೂವರೆ ಮಿಲಿಮೀಟರಿನ ಸುಳ್ಳು. ಎದುರಿನಿಂದ ನೋಡಿದರೆ ಎಂಜಿನ್ ಸ್ವಲ್ಪ ಬಿಗಿ ಚಡ್ಡಿ ಹಾಕಿದ ಹುಡುಗನಂತೆ ಕಾಣುತ್ತದೆ. ಪಕ್ಕದಿಂದ ಕಾಣುವುದಿಲ್ಲ, ನನ್ನ ಹಲಗೆಯನ್ನು ನೋಡುವುದೂ ಪಕ್ಕದಿಂದಲೇ.

ಹಳಿ ಕೊಳ್ಳುವ ಮೊದಲು ಕಾಗದದಲ್ಲಿ ಆಡಿ ನೋಡಿದೆ. ಹಳೆಯ ದಿನಪತ್ರಿಕೆಗಳನ್ನು ಅಂಟಿಸಿ ಹಲಗೆಯಷ್ಟೇ ದೊಡ್ಡ ಹಾಳೆ ಮಾಡಿ, ಅದರ ಮೇಲೆ ನಿಜ ಅಳತೆಯಲ್ಲಿ ಹಳಿ ಬರೆದು, ರಟ್ಟಿನಿಂದ ಎಂಟು ವ್ಯಾಗನ್ ಮತ್ತು ಒಂದು ಎಂಜಿನ್ ಕತ್ತರಿಸಿ, ಹತ್ತು ಸಂಜೆ ಶಂಟಿಂಗ್ ಮಾಡಿದೆ. ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವ ತಂತ್ರಾಂಶಗಳಿವೆ, ಉಚಿತವಾಗಿಯೂ ಸಿಗುತ್ತವೆ. ಆದರೆ ಕೈ ಎಲ್ಲಿ ತಾಗುತ್ತದೆ, ವ್ಯಾಗನ್ ಬಿಡಿಸುವ ಕಡ್ಡಿ ಎಲ್ಲಿಂದ ಇಳಿಯಬೇಕು ಎಂಬುದು ತೆರೆಯ ಮೇಲೆ ತಿಳಿಯುವುದಿಲ್ಲ. ಮುಂಭಾಗದಲ್ಲಿ ಗೋದಾಮು ಇಟ್ಟರೆ ಅದರ ಮಾಡಿಗೆ ಮುಂಗೈ ತಾಗುತ್ತದೆಂದು ರಟ್ಟಿನ ಗೋದಾಮು ನಾಲ್ಕು ಸಲ ಮಗುಚಿದ ಮೇಲೆ ಗೊತ್ತಾಯಿತು. ಗೋದಾಮು ಹಿಂದಕ್ಕೆ ಹೋಯಿತು. ಹಳಿಗಳನ್ನು ಹಲಗೆಯ ಅಂಚಿಗೆ ಸಮಾನಾಂತರವಾಗಿ ಇಡದೆ ನಾಲ್ಕೈದು ಡಿಗ್ರಿ ಓರೆ ಮಾಡಿದ್ದೂ ಆ ಸಂಜೆಗಳಲ್ಲೇ. ಅಷ್ಟು ಓರೆಗೇ ಹಲಗೆಯ ಚೌಕಟ್ಟು ಕಣ್ಣಿನಿಂದ ಮರೆಯಾಗಿ ನೆಲ ದೊಡ್ಡದಾಗಿ ಕಾಣುತ್ತದೆ.

ಡಿಸೆಂಬರಿನಲ್ಲಿ ಹಲಗೆ ಹಾಕಿದೆ: 12 ಮಿ.ಮೀ. ಸಾಧಾರಣ ಪ್ಲೈವುಡ್, ಮೇಲ್ಮೈಗೆ ಎರಡು ಕೈ ಬಣ್ಣ, ಅಡಿಗೆ ಏನೂ ಇಲ್ಲ. ಕಾಣದ ಭಾಗಕ್ಕೆ ಯಾಕೆ ಬಣ್ಣ ಎಂದುಕೊಂಡೆ. ಮೇ ತಿಂಗಳವರೆಗೆ ಎಲ್ಲವೂ ಚೆನ್ನಾಗಿತ್ತು. ಹಳಿ ಕೂತು, ಜಲ್ಲಿ ಬಿದ್ದು, ಎಂಜಿನ್ ಓಡಿತು.

ಜೂನಿನಲ್ಲಿ ಮಳೆ ಹಿಡಿಯಿತು. ಕಾಸರಗೋಡಿನಲ್ಲಿ ವರ್ಷಕ್ಕೆ ಮೂರು ಸಾವಿರ ಮಿ.ಮೀ.ಗೂ ಹೆಚ್ಚು ಮಳೆ, ಅದರಲ್ಲಿ ಬಹುಪಾಲು ಜೂನ್, ಜುಲೈ, ಆಗಸ್ಟ್ ತಿಂಗಳುಗಳಲ್ಲೇ. ಒಂದು ಬೆಳಿಗ್ಗೆ ಸೈಡಿಂಗಿನಲ್ಲಿ ಬಿಟ್ಟಿದ್ದ ವ್ಯಾಗನ್‌ಗಳು ತಾವಾಗಿಯೇ ಉರುಳಿ ಬಫರಿಗೆ ಹೋಗಿ ನಿಂತಿದ್ದವು. ಉಕ್ಕಿನ ಪಟ್ಟಿಯನ್ನು ಹಲಗೆಯ ಮೇಲೆ ನಿಲ್ಲಿಸಿ ನೋಡಿದರೆ ನಡುವೆ 4 ಮಿ.ಮೀ. ಬೆಳಕು. ಬಣ್ಣವಿಲ್ಲದ ಅಡಿಭಾಗ ತೇವ ಕುಡಿದು ಹಿಗ್ಗಿತ್ತು, ಬಣ್ಣ ಬಳಿದ ಮೇಲ್ಭಾಗ ಹಾಗೆಯೇ ಇತ್ತು. ಎರಡರ ಜಗಳದಲ್ಲಿ ಹಲಗೆ ಬಿಲ್ಲಾಗಿತ್ತು. ಲೋಹದ ಹಳಿಗೆ ತೇವದ ಲೆಕ್ಕವಿಲ್ಲ, ಅದು ಹಿಗ್ಗಲಿಲ್ಲ. ಹಾಗಾಗಿ ಜೋಡಣೆಗಳು ಒಂದು ಕಡೆ ಬಾಯಿಬಿಟ್ಟು ಇನ್ನೊಂದು ಕಡೆ ಮೇಲೆದ್ದಿದ್ದವು.

ತೋಟದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ದಿನಗಳಲ್ಲೇ ನನ್ನ ಹಲಗೆಯ ಹುಲ್ಲಿಗೂ ಬೂಷ್ಟು ಬಂತು. ಹುಲ್ಲಿಗೆ ಬಳಸಿದ್ದು ಬಣ್ಣ ಕಟ್ಟಿದ ಮರದ ಹುಡಿ, ಅಂಟಿಸಿದ್ದು ಮೈದಾ ಅಂಟಿನಲ್ಲಿ. ಬಿಳಿ ನೂಲಿನಂಥ ಬೂಷ್ಟು ಮೂರೇ ದಿನದಲ್ಲಿ ಪ್ಲಾಟ್‌ಫಾರ್ಮಿನ ತನಕ ಹಬ್ಬಿತು.

ಹಳಿ ಹಾಕುವಾಗ ಬಿಳಿ ಪಿವಿಎ ಅಂಟು ಬಳಸಿದ್ದರಿಂದ ಬದುಕಿಕೊಂಡೆ. ಬಿಸಿನೀರು ಸವರಿ ಅರ್ಧ ಗಂಟೆ ಬಿಟ್ಟು, ತೆಳುವಾದ ಪುಟ್ಟಿ ಪಟ್ಟಿಯನ್ನು ಸ್ಲೀಪರಿನ ಅಡಿಗೆ ತೂರಿಸುತ್ತಾ ಹೋದರೆ ಹಳಿಯೂ ಪಾಯಿಂಟುಗಳೂ ಏನೂ ಆಗದೆ ಎದ್ದು ಬಂದವು. ಎರಡನೆಯ ಹಲಗೆಗೆ ಕುದಿನೀರು ತಡೆಯುವ ದರ್ಜೆಯ 9 ಮಿ.ಮೀ. ಪ್ಲೈವುಡ್ ತಂದೆ. ಅಡಿಯಲ್ಲಿ ಅಡ್ಡಪಟ್ಟಿಗಳನ್ನು ಕೂರಿಸಿ, ಎಲ್ಲ ತೂತುಗಳನ್ನು ಕೊರೆದು ಮುಗಿಸಿದ ಮೇಲೆ ಆರೂ ಮುಖಗಳಿಗೆ, ಅಂಚಿನ ಪದರಗಳಿಗೆ, ತೂತುಗಳ ಒಳಗೋಡೆಗೂ ಎರಡು ಕೈ ವಾರ್ನಿಷ್ ಕೊಟ್ಟೆ. ಮೇಲೆ 25 ಮಿ.ಮೀ. ಗಟ್ಟಿ ಥರ್ಮೊಕೋಲಿನ ಹಾಳೆ. ಅದು ನೀರು ಕುಡಿಯುವುದಿಲ್ಲ, ಚಾಕುವಿನಲ್ಲಿ ಕೊರೆದು ತೋಡು ಮಾಡಬಹುದು. ಹಳಿಯ ಜೋಡಣೆಗಳಲ್ಲಿ ಕೂದಲೆಳೆಯಷ್ಟು ಸಂದು ಬಿಟ್ಟೆ. ಮೈದಾ ಮತ್ತು ಮರದ ಹುಡಿ ಎರಡನ್ನೂ ಕೋಣೆಯಿಂದಲೇ ಹೊರಗೆ ಹಾಕಿದೆ. ಎರಡನೆಯ ಮಳೆಗಾಲದ ನಡುವೆ ಅದೇ ಉಕ್ಕಿನ ಪಟ್ಟಿ ಇಟ್ಟು ನೋಡಿದೆ: ಬೆಳಕು ಕಾಣಲಿಲ್ಲ.

ವಿದ್ಯುತ್ತಿನದ್ದು ಬೇರೆಯೇ ಕಥೆ. ಎನ್ ಗೇಜ್ ಎಂಜಿನ್ ಓಡುವುದು 12 ವೋಲ್ಟ್ ಡಿ.ಸಿ.ಯಲ್ಲಿ. ಒಂದು ಅಡಾಪ್ಟರ್, ವೇಗಕ್ಕೊಂದು ಗುಂಡಿ, ದಿಕ್ಕು ಬದಲಿಸಲು ಒಂದು ಸ್ವಿಚ್ಚು, ಅಷ್ಟೇ ಸಾಕು. ಕರೆಂಟು ಹೋದರೆ ಬ್ಯಾಟರಿಯಿಂದಲೂ ಓಡುತ್ತದೆ. ನಾಲ್ಕು ಚಕ್ರದ ಎಂಜಿನ್ ಪ್ಲಾಸ್ಟಿಕ್ ಫ್ರಾಗ್ (ಎರಡು ಹಳಿಗಳು ಒಂದನ್ನೊಂದು ಅಡ್ಡಹಾಯುವ ತುಂಡು) ಇರುವ ಪಾಯಿಂಟಿನ ಮೇಲೆ ನಿಧಾನಕ್ಕೆ ಹೋಗುವಾಗ ನಿಂತುಬಿಡುತ್ತದೆ, ಏಕೆಂದರೆ ಕರೆಂಟು ಹಿಡಿಯುವ ಚಕ್ರಗಳೇ ಕಡಿಮೆ. ಅದಕ್ಕಾಗಿ ಲೋಹದ ಫ್ರಾಗ್ ಇರುವ ಪೆಕೊ ಕಂಪೆನಿಯ ಪಾಯಿಂಟುಗಳನ್ನು ತೆಗೆದುಕೊಂಡಿದ್ದೆ. ಇವುಗಳಲ್ಲಿ ದಾರಿ ಬದಲಿಸುವ ಅಲಗು ಯಾವ ಕಡೆಗೆ ತಿರುಗುತ್ತದೆಯೋ ಆ ಕಡೆಯ ಹಳಿಯ ಧ್ರುವವೇ ಫ್ರಾಗಿಗೂ ಸಿಗುತ್ತದೆ. ಮಳೆಗಾಲದಲ್ಲಿ ಅಲಗಿನ ಸಂಪರ್ಕ ಮಂಕಾಗಿ ಸೈಡಿಂಗಿನಲ್ಲಿ ಎಂಜಿನ್ ತಡವರಿಸತೊಡಗಿತು. ಪ್ರತಿ ಸೈಡಿಂಗಿಗೂ ಅಡಿಯಿಂದ ಒಂದೊಂದು ಜೋಡಿ ತಂತಿ ಸೋಲ್ಡರ್ ಮಾಡಿದರೆ ಸರಿಹೋದೀತೆಂದು ಮಾಡಿದೆ. ಆಮೇಲೆ ಪಾಯಿಂಟ್ ಒಂದು ಕಡೆಗಿದ್ದಾಗ ಎಲ್ಲ ಸರಿ, ಇನ್ನೊಂದು ಕಡೆಗೆ ತಿರುಗಿಸಿದ ಕೂಡಲೇ ಅಡಾಪ್ಟರಿನ ದೀಪ ಆರುತ್ತಿತ್ತು.

ಒಂದು ಭಾನುವಾರ ಪೂರ್ತಿ ತಂತಿಗಳನ್ನು ಒಂದೊಂದಾಗಿ ಬಿಡಿಸಿ ಮೀಟರಿನಲ್ಲಿ ನೋಡಿದೆ. ತಪ್ಪು ತಂತಿಯದಲ್ಲ. ಪಾಯಿಂಟ್ ತಿರುಗಿದಾಗ ಫ್ರಾಗಿನ ಧ್ರುವ ಬದಲಾಗುತ್ತದೆ, ಆದರೆ ಫ್ರಾಗಿಗೆ ಅಂಟಿಕೊಂಡೇ ಇರುವ ಸೈಡಿಂಗಿನ ಒಳಹಳಿಗೆ ನಾನು ಕೊಟ್ಟ ತಂತಿ ಹಳೆಯ ಧ್ರುವವನ್ನೇ ಹಿಡಿದಿರುತ್ತದೆ. ಎರಡೂ ಮುಖಾಮುಖಿಯಾಗಿ ಶಾರ್ಟ್ ಆಗುತ್ತದೆ. ಪರಿಹಾರ ಎರಡು ಕೊಯ್ತ. ಫ್ರಾಗಿನಿಂದ ಆಚೆಗೆ ಹೋಗುವ ಎರಡೂ ಒಳಹಳಿಗಳನ್ನು ತೆಳುವಾದ ಬಿಲ್ಲೆಯಿಂದ ಕತ್ತರಿಸಿ, ಸಂದಿಗೆ ಪ್ಲಾಸ್ಟಿಕ್ ಚೂರು ಇಟ್ಟು ಅಂಟಿಸಿ, ಹಳಿಯ ಆಕಾರಕ್ಕೆ ಅರದಿಂದ ಉಜ್ಜಬೇಕು. ಫ್ರಾಗಿಗೆ ಪಾಯಿಂಟಿನ ಜತೆಗೇ ತಿರುಗುವ ಪುಟ್ಟ ಸ್ವಿಚ್ಚಿನಿಂದ ಬೇರೆಯಾಗಿ ಕರೆಂಟು ಕೊಟ್ಟೆ. ಈಗ ಎಂಜಿನ್ ಇರುವೆಯ ನಡಿಗೆಯಲ್ಲಿ ಪಾಯಿಂಟ್ ದಾಟುತ್ತದೆ. ಹೊಸದಾಗಿ ಹಳಿ ಹಾಕುವವರು ಈ ಕೊಯ್ತವನ್ನು ಮೊದಲೇ ಮಾಡಿಕೊಳ್ಳಲಿ. ಕೂರಿಸಿದ ಹಳಿಯನ್ನು ಕತ್ತರಿಸುವಾಗ ಕೈ ನಡುಗುತ್ತದೆ.

ಹಳಿಯ ಲೋಹವನ್ನು ನಿಕಲ್ ಸಿಲ್ವರ್ ಎನ್ನುತ್ತಾರೆ. ಅದರಲ್ಲಿ ಬೆಳ್ಳಿ ಇಲ್ಲ. ತಾಮ್ರ, ನಿಕಲ್, ಸತು ಇವೆ. ತೇವದ ದಿನಗಳಲ್ಲಿ ಅದರ ಮೇಲೆ ಮಸಿ ಕೂರುತ್ತದೆ. ಹತ್ತಿ ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಒರೆಸಿದರೆ ಸಾಕು. ಮರಳು ಕಾಗದ ಮುಟ್ಟಿಸಬೇಡಿ, ಅದರ ಗೀರುಗಳಲ್ಲೇ ಮುಂದಿನ ಮಸಿ ಮನೆ ಮಾಡುತ್ತದೆ.

ವ್ಯಾಗನ್‌ಗಳು ತೀರಾ ಹಗುರ, ಎಂಜಿನ್ ಮುಟ್ಟಿದರೆ ಹಾರುತ್ತಿದ್ದವು. ಅಮೆರಿಕದ ರೈಲು ಮಾದರಿ ಸಂಘದ ಶಿಫಾರಸಿನ ಪ್ರಕಾರ ಈ ಉದ್ದದ ವ್ಯಾಗನ್ ಸುಮಾರು 23 ಗ್ರಾಂ ತೂಗಬೇಕು. ಮೀನುಬಲೆಗೆ ಕಟ್ಟುವ ಸೀಸದ ಗುಂಡುಗಳನ್ನು ಕಾಸರಗೋಡಿನ ಪೇಟೆಯಿಂದ ತಂದು, ಬಡಿದು ಚಪ್ಪಟೆ ಮಾಡಿ, ಒಳಗೆ ಅಂಟಿಸಿ, ಅಡಿಗೆಮನೆಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ತೂಗಿದೆ. ಸೀಸ ಮುಟ್ಟಿದ ಕೈಯನ್ನು ಚೆನ್ನಾಗಿ ತೊಳೆಯಬೇಕು. ಆ ತಕ್ಕಡಿ ಆಮೇಲೆ ಅಡಿಗೆಮನೆಗೆ ವಾಪಸು ಹೋಗಲಿಲ್ಲ.

ಇನ್ನು ನೆಲ. ಕುಂಬಳೆಯ ಕಡೆಯಿಂದ ಬರುವ ಹಳಿ ಒಂದು ಮುರಕಲ್ಲಿನ ಕಣಿವೆಯ ಮೂಲಕ, ರಸ್ತೆಯ ಮೇಲ್ಸೇತುವೆಯ ಅಡಿಯಿಂದ ಹಲಗೆಗೆ ಪ್ರವೇಶಿಸುತ್ತದೆ. ತುದಿ ಗೋಡೆಗೆ ತಾಗಿದೆಯೆಂಬುದನ್ನು ಸೇತುವೆ ಮರೆಮಾಡುತ್ತದೆ. ನಮ್ಮ ಈ ಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರನ್ನು ಫ್ರಾನ್ಸಿಸ್ ಬುಕನನ್ ಕೊಟ್ಟದ್ದು ಇಲ್ಲಿಂದ ತೆಂಕಣಕ್ಕಿರುವ ಮಲಬಾರಿನ ಅಂಗಾಡಿಪುರಂನಲ್ಲಿ ಅದನ್ನು ಕಂಡ ಮೇಲೆ. ಅದರ ಬಣ್ಣವನ್ನು ಡಬ್ಬಿಯಿಂದ ತರುವುದು ನನಗೆ ಒಗ್ಗಲಿಲ್ಲ. ಕೋರೆಯಿಂದ ಒಂದು ಚೀಲ ಹುಡಿ ತಂದು, ಬಿಸಿಲಿಗೆ ಒಣಗಿಸಿ, ಚಹಾ ಸೋಸುವ ಜರಡಿಯಲ್ಲಿ ಜರಡಿದೆ. ಹಳೆಯ ಸ್ಪೀಕರಿನ ಅಯಸ್ಕಾಂತವನ್ನು ಕಾಗದದಲ್ಲಿ ಸುತ್ತಿ ಆ ಹುಡಿಯಲ್ಲಿ ಮೆಲ್ಲಗೆ ಎಳೆದೆ. ಎತ್ತಿ ನೋಡಿದರೆ ಕಾಗದಕ್ಕೆ ಕಪ್ಪು ಕೆಂಪು ರೋಮಗಳು ನಿಂತಿದ್ದವು, ಬೆಕ್ಕಿನ ಬಾಲ ಸೆಟೆದಂತೆ. ನಮ್ಮ ಮಣ್ಣಿನ ಕಬ್ಬಿಣ ಅದು. ಒಂದೇ ಕಣ ಎಂಜಿನ್ನಿನ ಮೋಟಾರಿಗೆ ಸೇರಿದರೂ ಅದರ ಕಥೆ ಮುಗಿಯಿತು. ರೋಮ ಏಳದಾಗುವವರೆಗೆ ಏಳು ಸಲ ಎಳೆದೆ. ಜಲ್ಲಿಗೂ ಇದೇ ಪರೀಕ್ಷೆ: ನಿಜದ 65 ಮಿ.ಮೀ. ಜಲ್ಲಿ ಇಲ್ಲಿ 0.4 ಮಿ.ಮೀ. ಆಗುವುದರಿಂದ ಹೊಳೆಮರಳನ್ನೇ ಜರಡಿದು ಬಳಸಿದೆ. ಕಡಲ ಮರಳು ಬೇಡ, ಉಪ್ಪು ಹಳಿಯನ್ನು ತಿನ್ನುತ್ತದೆ.

ಬಲತುದಿಯ ಅಡಿಕೆ ತೋಟಕ್ಕೆ ಎಲ್ಲಕ್ಕಿಂತ ಹೆಚ್ಚು ದಿನ ಹಿಡಿಯಿತು, ಎಲ್ಲಕ್ಕಿಂತ ಹೆಚ್ಚು ಖುಷಿ ಸಿಕ್ಕಿದ್ದೂ ಅಲ್ಲೇ. ಹದಿನಾರು ಮೀಟರಿನ ಮರ 10 ಸೆಂ.ಮೀ. ಆಗಬೇಕು, ಕಾಂಡ ಒಂದು ಮಿಲಿಮೀಟರ್. ಹಿಡಿಸೂಡಿಯ ತೆಂಗಿನ ಕಡ್ಡಿಯ ತೆಳುವಾದ ತುದಿ ಸರಿಯಾಗಿ ಅಷ್ಟೇ ಇರುತ್ತದೆ. ಬೂದು ಬಣ್ಣ ಕೊಟ್ಟು, ಬ್ಲೇಡಿನಿಂದ ಉಂಗುರಗಳನ್ನು ಗೀರಿ, ಗೀರಿಗೆ ಬಿಳಿ ಸವರಿ ಒರೆಸಿದರೆ ಅಡಿಕೆ ಮರದ ಗಂಟು ಬರುತ್ತದೆ. ತುದಿಯ ಕೆಳಗಿನ ಅರ್ಧ ಸೆಂ.ಮೀ. ಹಸಿರು ಬಿಡಬೇಕು, ಅದನ್ನು ಮರೆತರೆ ಅದು ಬೇರೆ ಯಾವುದೋ ತಾಳೆಮರ. ಸೋಗೆಗೆ ಕೋಳಿಗರಿಯನ್ನು ಹಸಿರು ಬಣ್ಣದಲ್ಲಿ ಅದ್ದಿ ಓರೆಯಾಗಿ ಕತ್ತರಿಸಿದೆ, ಮರಕ್ಕೆ ಏಳು ಸೋಗೆ. ಅಡಿಕೆಗೆ ಶಿಫಾರಸು ಮಾಡುವ ಅಂತರ 2.7 ಮೀಟರ್, 1:160ರಲ್ಲಿ 17 ಮಿ.ಮೀ. ಅದೇ ಅಂತರದಲ್ಲಿ, ದಾರ ಹಿಡಿದು, ಸಾಲಿಗೆ ಒಂಬತ್ತರಂತೆ ಆರು ಸಾಲು ಮರ ನೆಟ್ಟೆ. ನೆಡುವಾಗ ಅಪ್ಪ ಕನ್ನಡಕ ಹಾಕಿಕೊಂಡು ಬಂದು ನೋಡಿ, ಸಾಲುಗಳ ನಡುವೆ ಕಣಿ ಎಲ್ಲಿ ಎಂದು ಕೇಳಿದರು. ನೀರು ಬಸಿಯದ ತೋಟ ಉಳಿಯುವುದಿಲ್ಲ. ಎರಡು ಸಾಲಿಗೊಂದು ಕಣಿ ತೋಡಿದೆ.

ಕೊನೆಗೆ ಫಲಕ. ಹಳದಿ ನೆಲ, ಕಪ್ಪು ಅಕ್ಷರ. ಕನ್ನಡ, ಮಲಯಾಳ, ಹಿಂದಿ, ಇಂಗ್ಲಿಷ್. 15 ಮಿ.ಮೀ. ಅಗಲದ ಫಲಕದಲ್ಲಿ ಕನ್ನಡದ ಅಕ್ಷರಕ್ಕೆ ಸಿಗುವ ಎತ್ತರ 1.9 ಮಿ.ಮೀ. ಇಂಕ್‌ಜೆಟ್ಟಿನಲ್ಲಿ ಮುದ್ರಿಸಿದಾಗ ಶಾಯಿ ಹರಡಿ, ‘ದಿ’ಯ ಒಳಗಿನ ಬಯಲು ಮುಚ್ಚಿಹೋಗಿ, ‘ಡ’ದ ಕೆಳಗಿನ ಕ-ಒತ್ತು ಒಂದು ಕಪ್ಪು ಚುಕ್ಕೆಯಾಗಿತ್ತು. ಇಂಗ್ಲಿಷ್ ಅಕ್ಷರಗಳು ಸ್ಪಷ್ಟವಾಗಿದ್ದವು, ಅವಕ್ಕೆ ಒತ್ತು ಇಲ್ಲವಲ್ಲ. 600 ಡಿಪಿಐ, ಅಂದರೆ ಇಂಚಿಗೆ 600 ಚುಕ್ಕೆಯ ಲೇಸರ್ ಮುದ್ರಕದಲ್ಲಿ 1.9 ಮಿ.ಮೀ. ಎಂದರೆ 45 ಚುಕ್ಕೆಗಳ ಎತ್ತರ. ಒತ್ತಿಗೆ ಅದರಲ್ಲಿ ಅರ್ಧವೂ ಇಲ್ಲ. ದಪ್ಪ ಅಕ್ಷರ ಬಿಟ್ಟು ತೆಳು ಅಕ್ಷರ ಹಿಡಿದೆ, ನುಣುಪು ಕಾಗದ ತಂದೆ, ಸಾಲಿನ ಕೆಳಗೆ ಒತ್ತಿಗೆಂದೇ ಅರ್ಧ ಮಿಲಿಮೀಟರ್ ಹೆಚ್ಚು ಜಾಗ ಕೊಟ್ಟು ಇಂಗ್ಲಿಷನ್ನು ಅಷ್ಟು ಕಿರಿದು ಮಾಡಿದೆ. ಒಂಬತ್ತನೆಯ ಪ್ರತಿಯಲ್ಲಿ ‘ಬದಿಯಡ್ಕ’ ಎಂದು ಬರಿಗಣ್ಣಿಗೆ ಓದಲು ಬಂತು, ಒತ್ತಿನ ಬಾಲವೂ ಸೇರಿ. ಫಲಕವನ್ನು ಗುಂಡುಸೂಜಿಗಳ ಕಂಬಕ್ಕೆ ಅಂಟಿಸಿ ಪ್ಲಾಟ್‌ಫಾರ್ಮಿನ ತುದಿಯಲ್ಲಿ ನಿಲ್ಲಿಸಿದ ಹೊತ್ತಿಗೆ ರಾತ್ರಿ ಹನ್ನೊಂದು ಗಂಟೆ. ಸ್ವಲ್ಪ ಹೊತ್ತು ಸುಮ್ಮನೆ ಅದನ್ನೇ ನೋಡುತ್ತಾ ಕುಳಿತಿದ್ದೆ.

ಈಗ ಸಂಜೆಯ ಆಟಕ್ಕೆಂದು ಎಂಟು ಹುಣಿಸೆಬೀಜಗಳ ಮೇಲೆ ಬಿಳಿ ಬಣ್ಣದಲ್ಲಿ ಸಂಖ್ಯೆ ಬರೆದು ಲೋಟದಲ್ಲಿ ಹಾಕಿಟ್ಟಿದ್ದೇವೆ. ಅಪ್ಪ ಐದು ಬೀಜ ಎತ್ತಿ ಸಾಲಾಗಿ ಇಡುತ್ತಾರೆ, ನಾನು ಗಾಡಿ ಕಟ್ಟುತ್ತೇನೆ. ಒಂದು ಆಟಕ್ಕೆ ಹತ್ತರಿಂದ ಇಪ್ಪತ್ತು ನಿಮಿಷ. ನಿನ್ನೆ ಬಂದದ್ದು 6, 2, 8, 1, 5. ಆರನೆಯದು ಐದು ವ್ಯಾಗನ್ನಿನ ಸೈಡಿಂಗಿನ ಬುಡದಲ್ಲಿ ಸಿಕ್ಕಿಕೊಂಡಿತ್ತು. ಅದನ್ನು ಹೊರತೆಗೆಯಲು ಗೋದಾಮಿನ ಹಳಿಯನ್ನು ಎರಡು ಸಲ ಖಾಲಿ ಮಾಡಬೇಕಾಯಿತು. ಎರಡನೆಯ ವ್ಯಾಗನ್ ಮಾತ್ರ ಒಳಗಿನ ಪಾಯಿಂಟಿನಲ್ಲಿ ಹಿಂದಕ್ಕೆ ತಳ್ಳುವಾಗ ಇನ್ನೂ ಹಳಿ ತಪ್ಪುತ್ತದೆ. ಅದರ ಒಂದು ಜೋಡಿ ಚಕ್ರದ ನಡುವಿನ ಅಂತರ ಕಡಿಮೆ ಇರುವಂತೆ ಕಾಣುತ್ತದೆ. ಅಳೆಯುವ ಗೇಜಿಗೆ ಹೇಳಿಟ್ಟಿದ್ದೇನೆ, ಈ ವಾರ ಬರಬೇಕು.